ಮೊದಲ ಕಲಶದ ಸವಾಲು

ಶೇಡಬಾಳ
28 ಮಾರ್ಚ್ 2024

ಅಕ್ಕವ್ವಾ, ಮಗಳೇ, ಜೈ ಜಿನೇಂದ್ರ.

ದವಾಖಾನೆಯ ಸಾಲ ಮುಗಿಯಿತು. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ನಿನ್ನ ಅವ್ವ ನಿನ್ನೆ ಸಂಜೆಯೇ ಫೋನ್ ಮಾಡಿ ಹೇಳಿರುತ್ತಾಳೆ, ಗೊತ್ತು. ಆದರೆ ಹೇಳುವ ಹಕ್ಕು ನನ್ನದಾಗಿತ್ತು. ಮಿರಜದ ದವಾಖಾನೆಯಲ್ಲಿ ಕ್ಯಾನ್ಸರ್ ಎಂದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದ ದಿನದಿಂದ ನನ್ನ ಮಾತನ್ನೆಲ್ಲ ಅವಳೇ ಆಡಿ ಮುಗಿಸುತ್ತಾಳೆ. ಅದಕ್ಕೇ ನಿನಗೆ ಕಾಗದ ಬರೆಯುವುದು. ಮೊಬೈಲಿನ ಸಣ್ಣ ಅಕ್ಷರ ಒತ್ತಲು ನನ್ನ ಬೆರಳಿಗೆ ಬರುವುದಿಲ್ಲ, ಬರುವುದೂ ಬೇಡ.

ಸಾಲ ಕೊಟ್ಟಿದ್ದ ಸೊಸಾಯ್ಟಿಗೆ ನಾವಿಬ್ಬರೂ ಹೋಗಿದ್ದೆವು. ಡೈರೆಕ್ಟರ್ ಅಣ್ಣಾಸಾಬ ಖುದ್ದಾಗಿ ಕಾಗದಕ್ಕೆ ಸಹಿ ಹಾಕಿ, "ಜಿನ್ನಪ್ಪಣ್ಣಾ, ಎಲ್ಲಾ ಚುಕ್ತಾ ಆತ ನೋಡ್ರಿ. ಇನ್ನ ನಮ್ಮನ್ನ ಮರೀಬ್ಯಾಡ್ರಿ ಮತ್ತ" ಎಂದ. ನಾಲ್ಕು ವರ್ಷ ಮರೆಯಲು ಬಿಟ್ಟಿದ್ದನೇ ಅವನು? ಮೊದಲಿನ ಜಿನ್ನಪ್ಪ ಆಗಿದ್ದರೆ ಅಡತಿ ಅಂಗಡಿಯ ಲಿಲಾವಿನಲ್ಲಿ ಅರಿಸಿನದ ಹರಾಜು ಕೂಗಿದ ಹಾಗೆ ಕೂಗಿ ಹೇಳುತ್ತಿದ್ದೆ, ಬಜಾರವೆಲ್ಲ ತಿರುಗಿ ನೋಡುತ್ತಿತ್ತು.

ಒತ್ತೆಯಿಟ್ಟಿದ್ದ ನಿನ್ನ ಅವ್ವನ ಪಾಟ್ಲಿ ಬಂದವು. ಬಳೆ ಕೈಗೆ ಹಾಕಿಕೊಂಡು ಎರಡು ಸಲ ತಿರುಗಿಸಿ ನೋಡಿ, ತೆಗೆದು ಕಪಾಟಿನಲ್ಲಿಟ್ಟಳು. ಯಾಕೆ ಎಂದು ಕೈಮಾಡಿ ಕೇಳಿದೆ. "ಕೈ ಸಣ್ಣ ಆಗ್ಯಾವ್ರಿ, ಉದುರ್ತಾವ" ಎಂದಳು.

ಮಗನಿಲ್ಲ ಎಂದು ಜನ ಮರುಗುತ್ತಿದ್ದರು. ಕಂತೆಲ್ಲ ಕಟ್ಟಿ ಮುಗಿಸಿದವಳು ನೀನು. ಈಗ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಿನ್ನ ಹೆಸರು ಕೂಗಬೇಕೆನಿಸುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಜಿನ್ನಪ್ಪ


ನಿಪ್ಪಾಣಿ
14 ಏಪ್ರಿಲ್ 2024

ಅಪ್ಪಾ,

ನಿಮ್ಮ ಕಾಗದ ಓದಿ ಸಪನಾಳಿಗೂ ಓದಿ ಹೇಳಿದೆ. ಇಬ್ಬರೂ ಒಂದೊಂದು ವಡಾಪಾವ್ ಜಾಸ್ತಿ ತಿಂದೆವು, ಅಷ್ಟೇ ನಮ್ಮ ಹಬ್ಬ. ಸಪನಾ ಯಾರೆಂದು ಅವ್ವನಿಗೆ ಗೊತ್ತು. ಕಾಗಲದ ಗಾರ್ಮೆಂಟ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಷೀನಿನವಳು, ಈಗ ಖೋಲಿಯಲ್ಲೂ ಪಕ್ಕದ ಹಾಸಿಗೆಯವಳು.

ಇನ್ನು ಕೆಲಸದ ಮಾತು. ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗಾಳಾ, ಅಂಗಡಿಯ ಮಳಿಗೆ, ಖಾಲಿಯಾಗುತ್ತದೆ. ಸಪನಾ ಮತ್ತು ನಾನು ಸೇರಿ ಶಾಲೆಯ ಯುನಿಫಾರ್ಮ್ ಹೊಲಿಯುವ ಅಂಗಡಿ ಹಾಕಬೇಕೆಂದಿದ್ದೇವೆ. ಎರಡು ಶಾಲೆಯವರು ಬಾಯಿಮಾತಿನಲ್ಲಿ ಹೂಂ ಎಂದಿದ್ದಾರೆ. ಅರ್ಧ ದುಡ್ಡು ಅವಳದು, ಅರ್ಧ ನನ್ನದು. ದೀಪಾವಳಿ ಪಾಡ್ಯದ ಒಳಗೆ ಡಿಪಾಜಿಟ್ ಕಟ್ಟಬೇಕು, ತಪ್ಪಿದರೆ ಮಾಲಕ ಬೇರೆಯವರಿಗೆ ಕೊಡುತ್ತಾನೆ.

ನನ್ನ ಪಾಲು ಎಲ್ಲಿಂದ ಎಂದು ಕೇಳುತ್ತೀರಿ. ಕಾರ್ಖಾನೆಯ ಹೆಂಗಸರು ತಿಂಗಳಾ ದುಡ್ಡು ಹಾಕಿ ಪಾಳಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಭಿಶಿ ಇದೆಯಲ್ಲ, ಅದರಲ್ಲಿ ಕೊನೆಯ ಪಾಳಿ ನನ್ನದು. ಶ್ರಾವಣದಲ್ಲಿ ಒಂದು ಲಕ್ಷ ಕೈಗೆ ಬರುತ್ತದೆ. ಕೊನೆಯವಳಾದ್ದರಿಂದ ಯಾರಿಗೂ ತಿರುಗಿ ಕೊಡುವುದಿಲ್ಲ, ಪೂರ್ತಿ ನನ್ನದೇ. ನಿಮಗೆ ಹೇಳಿರಲಿಲ್ಲ. ಸಾಲ ಇರುವಾಗ ಉಳಿತಾಯದ ಮಾತು ಆಡಲು ನಾಚಿಕೆಯಾಗುತ್ತಿತ್ತು.

ಅಂಗಡಿಯ ಹಿಂದೆ ಒಂದು ಖೋಲಿ ಇದೆ. ಒಂದು ವರ್ಷ ಹೋಗಲಿ, ನೀವಿಬ್ಬರೂ ಇಲ್ಲಿಗೇ ಬನ್ನಿ. ಮೂವತ್ತು ದಾಟಿದ ಮೇಲೆ ಮೊದಲ ಸಲ ನನ್ನದು ಎಂಬ ಒಂದು ಬಾಗಿಲು ತೆರೆಯುತ್ತಿದ್ದೇನೆ ಅಪ್ಪಾ. ಇದೊಂದು ಆಗಲಿ. ಇದಾದರೆ ಮತ್ತೇನೂ ಕೇಳುವುದಿಲ್ಲ.

ಪ್ರಾಜಕ್ತಾ


ಶೇಡಬಾಳ
26 ಆಗಸ್ಟ್ 2024

ಅಕ್ಕವ್ವಾ,

ಭಿಶಿ ಕೈಗೆ ಬಂತೆಂದು ನಿನ್ನ ಅವ್ವ ಹೇಳಿದಳು. ಒಂದು ಲಕ್ಷ! ನಮ್ಮ ಮನೆಯಲ್ಲಿ ಯಾರಿಗೂ ಕೊಡಬೇಕಾಗಿಲ್ಲದ ಲಕ್ಷ ರೂಪಾಯಿ ಯಾವತ್ತೂ ಇರಲಿಲ್ಲ. ನಿದ್ದೆ ಬರಲಿಲ್ಲ ನನಗೆ. ಸಾಲ ಇದ್ದಾಗ ಚೆನ್ನಾಗಿ ಬರುತ್ತಿತ್ತು, ಈಗ ನೋಡು.

ಹದಿನೈದು ದಿನಕ್ಕೆ ದಶಲಕ್ಷಣ ಪರ್ವ. ಅನಂತ ಚತುರ್ದಶಿಗೆ ಬಾ. ಬಸದಿಯಲ್ಲಿ ಅಭಿಷೇಕದ ಸವಾಲು ಇರುತ್ತದೆ, ಹೆಚ್ಚು ದುಡ್ಡು ಕೂಗಿದವರಿಗೆ ಮೊದಲ ಕಲಶದ ಮಾನ. ಈಗ ಕೂಗುವವನು ಅಮಿತ. ಹುಡುಗ ಒಳ್ಳೆಯವನೇ, ಆದರೆ ಮೈಕಿನೊಳಗೆ ಬಾಯಿ ಇಟ್ಟು ಕೂಗುತ್ತಾನೆ. 'ಒಂದು ಸಾರಿ' ಎಂದ ಮೇಲೆ ಉಸಿರು ಹಿಡಿಯಬೇಕು, ಜನರ ಮುಖ ನೋಡಬೇಕು, ಆಮೇಲೆ 'ಎರಡು ಸಾರಿ'. ಇವನು ಬಸ್ಸು ತಪ್ಪುವವನಂತೆ ಮೂರೂ ಒಮ್ಮೆಲೇ ಹೇಳಿಬಿಡುತ್ತಾನೆ. ನಾನು ಇಪ್ಪತ್ತು ವರ್ಷ ಕೂಗಿದೆ, ಯಾರ ಯಾರ ಹೆಸರೋ ಕೂಗಿದೆ. ಮೈಕು ಬೇಕಾಗಿರಲಿಲ್ಲ.

ಈಗ ನಾವು ಹಿಂದಿನ ಕಂಬದ ಹತ್ತಿರ ಕೂಡುತ್ತೇವೆ. ಯಾರೂ ಕೂಡಿಸಿದ್ದಲ್ಲ. ಸಾಲದ ವರ್ಷಗಳಲ್ಲಿ ನಾವೇ ಹೋಗಿ ಕೂತೆವು, ಹಾಗೇ ರೂಢಿಯಾಯಿತು.

ಬಂದರೆ ನಿನ್ನ ಅವ್ವನಿಗೆ ಸಂತೋಷವಾಗುತ್ತದೆ. ನನಗೆ ಅಂತ ಬರೆದರೆ ನೀನು ನಗುತ್ತೀ.

ನಿನ್ನ ಅಪ್ಪ


ನಿಪ್ಪಾಣಿ
5 ಸೆಪ್ಟೆಂಬರ್ 2024

ಅಪ್ಪಾ,

ಚತುರ್ದಶಿಗೆ ಬರಲಾಗುವುದಿಲ್ಲ. ದೀಪಾವಳಿಯ ಆರ್ಡರಿನ ಗಡಿಬಿಡಿ, ರಜೆ ಕೇಳಿದರೆ ಬೋನಸ್ಸಿಗೆ ಕತ್ತರಿ. ಬೇಜಾರಾಗಬೇಡಿ. ನನ್ನ ಪರವಾಗಿ ನೀವೇ ಒಂದು ಹಿಡಿ ಅಕ್ಕಿ ಏರಿಸಿ. ಗಾಳಾದ ಮಾಲಕನಿಗೆ ಪಾಡ್ಯಕ್ಕೆ ದುಡ್ಡು ತರುತ್ತೇವೆಂದು ಮಾತು ಕೊಟ್ಟಾಯಿತು. ಸಪನಾ ಗೋಡೆಗೆ ಯಾವ ಬಣ್ಣ ಎಂದು ಈಗಲೇ ಜಗಳ ತೆಗೆದಿದ್ದಾಳೆ.

ಮಿರಜಕ್ಕೆ ತಪಾಸಣೆಗೆ ಹೋಗುವುದನ್ನು ಮುಂದೂಡಬೇಡಿ.

ಪ್ರಾಜಕ್ತಾ


ಶೇಡಬಾಳ
19 ಸೆಪ್ಟೆಂಬರ್ 2024

ಪ್ರಾಜಕ್ತಾ,

ನಿನ್ನ ಅವ್ವ ಬರೆಯುತ್ತಿದ್ದೇನೆ, ನೀನು ಫೋನ್ ಎತ್ತುತ್ತಿಲ್ಲ. ಯಾರೋ ಊರವರು ನಿನಗೆ ಮೊದಲೇ ಹೇಳಿಬಿಟ್ಟರು, ನನಗೆ ಹೇಳಲು ಧೈರ್ಯ ಬರುವುದರೊಳಗೆ. ಏನು ನಡೆಯಿತೋ ಹಾಗೇ ಬರೆಯುತ್ತೇನೆ. ನಾನು ಏಳನೆಯ ಇಯತ್ತೆ ಕಲಿತವಳು, ತಪ್ಪಿದ್ದರೆ ತಿದ್ದಿ ಓದು.

ಚತುರ್ದಶಿಯ ದಿನ ಮೊದಲ ಕಲಶದ ಸವಾಲು ಐದು ಸಾವಿರದಿಂದ ಎದ್ದಿತು. ಅಣ್ಣಾಸಾಬ ಏಳು ಎಂದ. ನಿಮ್ಮ ಅಪ್ಪ ಕೈ ಎತ್ತಿದರು. ಅಮಿತ ನೋಡಲಿಲ್ಲ. ಕಂಬದ ಹತ್ತಿರದವರನ್ನು ಯಾರು ನೋಡುತ್ತಾರೆ? ಇವರು ಎದ್ದು ನಿಂತು ಮತ್ತೆ ಕೈ ಎತ್ತಿದರು. ಆಗ ಅಮಿತ ಮೈಕಿನಲ್ಲೇ, "ಕಾಕಾ, ಏನರೆ ಬೇಕಾಗಿತ್ತೇನ್ರಿ? ಯಾರರೆ ಕಾಕಾಗ ನೀರ ಕೊಡ್ರಿ" ಎಂದ. ಪಾಪ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಜನ ನಕ್ಕರು. ಅಣ್ಣಾಸಾಬನೂ ನಕ್ಕ.

ಆಮೇಲೆ ಇವರು ಕುಳಿತುಕೊಳ್ಳಲೇ ಇಲ್ಲ. ಮುಂದೆ ಹೋಗಿ ನಿಂತು ಲಿಲಾವಿನಲ್ಲಿ ತೋರಿಸುವ ಹಾಗೆ ಬೆರಳಿನಲ್ಲಿ ತೋರಿಸಿದರು. ಇಪ್ಪತ್ತೊಂದು. ಅಣ್ಣಾಸಾಬ ಮೂವತ್ತೊಂದು. ಇವರು ಐವತ್ತೊಂದು. ನಾನು ಎದ್ದು ಹೋಗಿ ಧೋತರ ಹಿಡಿದು ಜಗ್ಗಿದೆ. "ಸಾಕ ಮಾಡ್ರಿ, ಪೋರಿ ರೊಕ್ಕ ಅದು" ಎಂದೆ. ತಿರುಗಿ ನೋಡಲಿಲ್ಲ. ಅಣ್ಣಾಸಾಬ ತೊಂಬತ್ತೊಂದಕ್ಕೆ ಬಂದಾಗ ಇವರು ಒಂದೇ ಬೆರಳು ಎತ್ತಿದರು. "ಲಕ್ಷರಿ ಕಾಕಾ. ಖರೇನ?" ಎಂದು ಅಮಿತ ಮೈಕು ಬದಿಗಿಟ್ಟು ಕೇಳಿದ. ಇವರು ಮಾತಿನ ಬದಲು ಬರೆಯುವ ಪಾಟಿ ತೆಗೆದು ಹೆಸರು ಬರೆದು ತೋರಿಸಿದರು. ತಮ್ಮ ಹೆಸರಲ್ಲ. "ಪ್ರಾಜಕ್ತಾ ಜಿನ್ನಪ್ಪ ಮಗದುಮ್, ಒಂದು ಲಕ್ಷ, ಒಂದು ಸಾರಿ" ಎಂದು ಅಮಿತ ಕೂಗಿದ. ಮೂರು ಸಾರಿ ಕೂಗಿದ.

ಸುಳ್ಳು ಹೇಳುವುದಿಲ್ಲ ಮಗಳೇ. ಕಲಶ ಹಿಡಿದು ಇವರು ಎಲ್ಲರ ಮುಂದೆ ನಿಂತಾಗ ಒಂದು ಗಳಿಗೆ ನನಗೂ ಹಿಗ್ಗಾಯಿತು. ಮನೆಗೆ ಬಂದು ಒಲೆ ಹಚ್ಚುವಾಗ ಗಾಳಾದ ನೆನಪಾಯಿತು.

ರಾತ್ರಿ ಕಮಿಟಿಯ ಧನಪಾಲ ಮಾಮಾ ಬಂದಿದ್ದರು. "ಸಿಟ್ಟಿನ್ಯಾಗ ಆಡಿದ ಸವಾಲ ಅದು, ಬೇಕಾದ್ರ ಬಿಟ್ಟ ಬಿಡೂಣು" ಎಂದರು. ನಿಮ್ಮ ಅಪ್ಪ ಎರಡೂ ಕೈ ಅಡ್ಡ ಆಡಿಸಿದರು. ದೇವರ ಮುಂದೆ ಒಪ್ಪಿದ್ದು ಬಾಕಿ ಉಳಿಸಿಕೊಂಡ ಮನೆ ನಮ್ಮಲ್ಲಿ ಉಂಟೇ? ನಾನೂ ಬಿಡಿ ಎನ್ನಲಾರದೆ ಹೋದೆ. ದೀಪಾವಳಿಯೊಳಗೆ ಕಟ್ಟಬೇಕು.

ನಿನ್ನ ಅವ್ವ,
ರಾಜಮತಿ


ನಿಪ್ಪಾಣಿ
24 ಸೆಪ್ಟೆಂಬರ್ 2024

ಅಪ್ಪಾ,

ಜೈ ಜಿನೇಂದ್ರ ಎಂದು ಬರೆಯಲು ಕೈ ಬರುತ್ತಿಲ್ಲ.

ನಾಲ್ಕು ವರ್ಷ ನಾನು ಚಹಾ ಕುಡಿಯುವಾಗಲೂ ಲೆಕ್ಕ ಹಾಕಿದ್ದೇನೆ. ಸಪನಾಳ ತಮ್ಮನ ಮದುವೆಗೆ ಹೋಗಲಿಲ್ಲ, ಉಡಲು ಸೀರೆ ಇರಲಿಲ್ಲ. ಹಲ್ಲು ನೋವಿಗೆ ಲವಂಗ ಕಚ್ಚಿಕೊಂಡು ಮಷೀನು ತುಳಿದೆ. ನಿಮ್ಮ ಸಲುವಾಗಿ ಎಂದು ಒಂದು ದಿನವೂ ಆಡಲಿಲ್ಲ, ಯಾಕೆಂದರೆ ಹಾಗೆ ಅನಿಸಿರಲೇ ಇಲ್ಲ. ಈಗ ಅನಿಸುತ್ತಿದೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕೇಳಿ ನಗುತ್ತಿದ್ದ ಗಾದೆ, ನಮ್ಮ ಮನೆಯದೇ ಎಂದು ಗೊತ್ತಿರಲಿಲ್ಲ.

ನನ್ನ ಹೆಸರು ಬರೆದಿರಂತೆ. ಯಾರನ್ನು ಕೇಳಿ? ನಿಮ್ಮ ಹೆಸರು ಬರೆದಿದ್ದರೆ ನಾನು ಕಟ್ಟದೆ ಇರಬಹುದಿತ್ತು, ಅದಕ್ಕೇನಾ? ಮತ್ತೆ ಸರಿಯಾಗಿ ಒಂದು ಲಕ್ಷಕ್ಕೇ ನಿಂತಿರಿ. ನನ್ನ ಹತ್ತಿರ ಎಷ್ಟಿದೆ ಎಂದು ನಿಮಗೆ ಗೊತ್ತಿತ್ತು. ಸಿಟ್ಟಿನಲ್ಲಿ ಏರಿಸುವವನಿಗೆ ಎಲ್ಲಿ ನಿಲ್ಲಬೇಕೆಂದು ಅಷ್ಟು ನೆನಪಿರುತ್ತದೆಯೇ ಅಪ್ಪಾ?

ಸಪನಾಳಿಗೆ ಇನ್ನೂ ಹೇಳಿಲ್ಲ. ಅವಳು ಹಳದಿ ಬಣ್ಣಕ್ಕೆ ಒಪ್ಪಿಕೊಂಡಿದ್ದಾಳೆ.

ಪ್ರಾಜಕ್ತಾ


ಶೇಡಬಾಳ
30 ಸೆಪ್ಟೆಂಬರ್ 2024

ಪ್ರಾಜಕ್ತಾ,

ನೀನು ಕೇಳಿದ್ದಕ್ಕೆ ಉತ್ತರ.

ಹೌದು, ಎಷ್ಟಿದೆ ಎಂದು ಗೊತ್ತಿತ್ತು. ಅದು ಮುಗಿಯುವವರೆಗೆ ಏರಿಸಬಹುದು ಎಂದೇ ಏರಿಸಿದೆ. ಹನ್ನೊಂದು ಸಾವಿರಕ್ಕೆ ನಿಲ್ಲಬೇಕೆಂದು ಮನೆಯಿಂದ ಹೊರಟವನು ನಾನು. ಲಿಲಾವಿನಲ್ಲಿ ಜನರನ್ನು ಹೇಗೆ ಏರಿಸುತ್ತಾರೆ, ಯಾವನ ಮುಖ ನೋಡಿದರೆ ಯಾವನು ಕೆರಳುತ್ತಾನೆ, ಇದು ನನ್ನ ಅನ್ನವಾಗಿತ್ತು. ಎಲ್ಲ ಗೊತ್ತಿದ್ದೂ ಏರಿದೆ. ನೀರು ಕೊಡಿ ಎಂದಾಗ ನಕ್ಕರಲ್ಲ, ಅಲ್ಲಿಂದ ನನಗೆ ಅಣ್ಣಾಸಾಬನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ನಿನ್ನ ಹೆಸರು ಯಾಕೆ ಎಂದರೆ, ಎರಡು ವರ್ಷದ ಹಿಂದೆ ಮಹಾವೀರ ಜಯಂತಿಯ ದಿನ ಸೊಸಾಯ್ಟಿಯ ವಸೂಲಿಯವರು ಬಂದಿದ್ದರು. ಬಸದಿಯ ಎದುರಿಗೆ ಜೀಪು ನಿಲ್ಲಿಸಿ ನನ್ನ ಹೆಸರು ಕೂಗಿದರು. ಅದು ಸರಿ, ತಿಂದವನು ನಾನು. ಆಮೇಲೆ, "ಜಾಮೀನ ಕೊಟ್ಟಾಕಿ ಪ್ರಾಜಕ್ತಾ ಜಿನ್ನಪ್ಪ ಮಗದುಮ್" ಎಂದು ಕೂಗಿದರು. ಪಲ್ಲಕ್ಕಿ ಹೊತ್ತವರು ನಿಂತು ಕೇಳಿದರು. ನಿನಗೆ ಇದನ್ನು ನಾವು ಹೇಳಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದೆ, ತಿರುಗಿ ಒಂದು ಮಾತು ಕೂಗಲು ಗಂಟಲಿರಲಿಲ್ಲ. ಅದೇ ಜಾಗದಲ್ಲಿ ಅದೇ ಹೆಸರನ್ನು ಇನ್ನೊಂದು ರೀತಿ ಕೂಗಿಸಬೇಕೆಂದು ಅವತ್ತಿನಿಂದ ಇತ್ತು.

ಕೂಗಿಸಿದೆ. ನಿನಗೆ ಕೇಳಿಸಲಿಲ್ಲ, ನಿನ್ನ ಬಾಗಿಲು ಮಾತ್ರ ಮುಚ್ಚಿತು.

ಚತುರ್ದಶಿ ಮುಗಿದ ಮೇಲೆ ಕ್ಷಮಾವಾಣಿಯ ದಿನ ಪದ್ಧತಿಯಂತೆ ಊರಿಗೆಲ್ಲ ಕೈಮುಗಿದು ಕ್ಷಮೆ ಕೇಳಿದೆ, ಅಣ್ಣಾಸಾಬನಿಗೂ. ನಿನಗೆ ಬರೆಯಲಿಲ್ಲ. ಅವರನ್ನು ಕೇಳಿದ್ದು ಪದ್ಧತಿ. ನಿನ್ನನ್ನು ಕೇಳಲು ನನಗೆ ಮುಖವಿಲ್ಲ.

ಜಿನ್ನಪ್ಪ


ನಿಪ್ಪಾಣಿ
4 ನವೆಂಬರ್ 2024

ಅವ್ವಾ,

ನಾನು ಕಳಿಸಿದ ದುಡ್ಡು ಧನಪಾಲ ಮಾಮಾರ ಕೈಗೆ ಮುಟ್ಟಿದ್ದು ಗೊತ್ತಾಯಿತು. ಪಾವತಿ ಚೀಟಿ ನೀನೇ ಇಟ್ಟುಕೋ, ನನಗೆ ಕಳಿಸಬೇಡ.

ಪಾಡ್ಯದ ದಿನ ಅಂಗಡಿಯ ಪೂಜೆ ಆಯಿತು. ಸಪನಾ ತನ್ನ ಚಿಕ್ಕಮ್ಮನ ಮಗಳನ್ನು ಪಾಲಿಗೆ ಸೇರಿಸಿಕೊಂಡಳು. ಅವಳ ತಪ್ಪಿಲ್ಲ, ಅವಳು ತನ್ನ ದುಡ್ಡು ನೀರಿಗೆ ಹಾಕಬೇಕಿತ್ತೇ? ನನಗೂ ಅಲ್ಲೇ ಕೆಲಸ ಕೊಟ್ಟಿದ್ದಾಳೆ. ಒಂದು ಅಂಗಿಗೆ ಇಷ್ಟು ಎಂದು ಲೆಕ್ಕ. ನಿನ್ನೆ ಕೆಲಸ ಹೇಳುವಾಗ ಅವಳು "ಪ್ರಾಜಕ್ತಾ ತಾಈ" ಎಂದು ಮರಾಠಿಯಲ್ಲಿ ಅಕ್ಕ ಎನ್ನುವ ಹಾಗೆ ಮರ್ಯಾದೆಯಿಂದ ಕರೆದಳು. ಐದು ವರ್ಷ ಲೇ, ಬೇ ಎಂದವಳು.

ಗೋಡೆಗೆ ಹಳದಿ ಬಣ್ಣವೇ ಹಚ್ಚಿದ್ದಾರೆ. ಚೆನ್ನಾಗಿ ಕಾಣುತ್ತದೆ.

ಅಪ್ಪನಿಗೆ ಬೇರೆ ಕಾಗದ ಬರೆಯುತ್ತಿಲ್ಲ.

ಪ್ರಾಜಕ್ತಾ


ಶೇಡಬಾಳ
11 ಫೆಬ್ರುವರಿ 2025

ಪ್ರಾಜಕ್ತಾ,

ಶನಿವಾರ ನೀನು ಬಂದು, ಸೊಸಾಯ್ಟಿಯಲ್ಲಿ ಹೊಸ ಸಾಲದ ಜಾಮೀನಿಗೆ ಸಹಿ ಹಾಕಿ, ನೀರು ಕೂಡ ಕುಡಿಯದೆ ಬಸ್ಸು ಹತ್ತಿ ಹೋದೆ. ಭಾಕರಿ ಕಟ್ಟಿ ತರುವುದರೊಳಗೆ ಬಸ್ಸು ಹೊರಟಿತ್ತು.

ನಿನ್ನ ಅಪ್ಪನ ಕುತ್ತಿಗೆಯ ಗಂಟನ್ನು ನಾನು ದೀಪಾವಳಿಗೇ ನೋಡಿದ್ದೆ. ಮಿರಜಕ್ಕೆ ಹೋಗೋಣ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ಹೋಗಿ ಬರುವ ಖರ್ಚಿಗೆ ಮತ್ತೆ ನಿನ್ನನ್ನು ಕೇಳಬೇಕಾಗುತ್ತದೆ ಎಂದು. ಡಾಕ್ಟರು ಈಗ, "ಮೂರ ತಿಂಗಳ ಮೊದಲ ಯಾಕ ಬರಲಿಲ್ಲ?" ಎಂದು ನನ್ನನ್ನು ಬೈದರು. ನಾಳೆಯಿಂದ ಕಿರಣದ ಚಿಕಿತ್ಸೆ. ಆ ಲಕ್ಷ ಇದ್ದಿದ್ದರೆ ಸಾಲವಿಲ್ಲದೆ ಮುಗಿಯುತ್ತಿತ್ತು. ಇದನ್ನು ನಾನು ಬಾಯಿಬಿಟ್ಟು ಅನ್ನಲಿಲ್ಲ, ಇವರೇ ಪಾಟಿಯ ಮೇಲೆ ಬರೆದು ತೋರಿಸಿ ಒರೆಸಿದರು.

ನೀನು ಸಹಿ ಹಾಕುವಾಗ ಅಣ್ಣಾಸಾಬ, "ಜಾಮೀನ ಹಳೇದ ಐತಿ, ಚಿಂತಿ ಇಲ್ಲ" ಎಂದನಲ್ಲ, ಅವನು ಒಳ್ಳೆಯದಕ್ಕೇ ಅಂದನೇನೋ. ಇವರು ಅವತ್ತು ರಾತ್ರಿ ಉಣ್ಣಲಿಲ್ಲ. ಪಾಟ್ಲಿಗಳನ್ನು ಮತ್ತೆ ಅಲ್ಲೇ ಇಟ್ಟು ಬಂದೆ. ಅವು ನನ್ನ ಕೈಗೆ ಹೇಗೂ ದೊಡ್ಡವಾಗಿದ್ದವು.

ನಿನ್ನ ಕಾಗದ ಬಂತೇ ಎಂದು ಟಪಾಲಿನವನನ್ನು ಇವರು ಕೈಸನ್ನೆಯಲ್ಲಿ ದಿನಾ ಕೇಳುತ್ತಾರೆ.

ಅವ್ವ


ಶೇಡಬಾಳ
8 ಸೆಪ್ಟೆಂಬರ್ 2025

ಪ್ರಾಜಕ್ತಾ,

ಕ್ಷಮಾವಾಣಿ. ನನ್ನಿಂದ ತಿಳಿದೂ ತಿಳಿಯದೆಯೂ ಆದ ತಪ್ಪು ಇದ್ದರೆ ಕ್ಷಮಿಸು. ನೀನು ತಿಂಗಳಾ ಕಳಿಸುವುದು ತಪ್ಪದೆ ಸೊಸಾಯ್ಟಿಗೆ ಕಟ್ಟುತ್ತಿದ್ದೇನೆ.

ಇವರು ಬಹಳ ಸಣ್ಣಗಾಗಿದ್ದಾರೆ. ಚಿಕಿತ್ಸೆ ಮುಗಿದರೂ ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ. ಪಾಟಿಯ ಮೇಲೆ ಬರೆಯಲೂ ಬೇಸರ, ಇರುವ ನಾಲ್ಕು ಮಾತನ್ನು ಕೈಯಲ್ಲೇ ಆಡುತ್ತಾರೆ. ನನಗೆ ಎಲ್ಲ ತಿಳಿಯುತ್ತದೆ.

ಮೊನ್ನೆ ಅನಂತ ಚತುರ್ದಶಿಗೆ ಬಸದಿಗೆ ಬರುವುದಿಲ್ಲ ಎಂದರು. ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಹಿಂದಿನ ಕಂಬದ ಹತ್ತಿರ ಕುಳಿತೆವು. ಸವಾಲು ಶುರುವಾಯಿತು. ಅಮಿತ ಈಗ ಚೆನ್ನಾಗಿ ಕೂಗುತ್ತಾನೆ, ಉಸಿರು ಹಿಡಿದು. ಈ ಸಲ ಅವನು ಮೊದಲು ನಮ್ಮ ಕಡೆಯೇ ನೋಡಿದ. ಜನರೂ ತಿರುಗಿ ನೋಡಿದರು. ಇವರ ಕೈ ಎಲ್ಲಿ ಎಂದು ನಾನೂ ನೋಡಿದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಕುಳಿತಿದ್ದರು. ಕಲ್ಲಿನ ನೆಲ. ಸವಾಲು ಮುಗಿಯುವವರೆಗೆ ತೆಗೆಯಲಿಲ್ಲ. ಆಮೇಲೆ ನೋಡಿದರೆ ಬೆರಳಿನ ಗೆಣ್ಣುಗಳ ಮೇಲೆ ಕಲ್ಲಿನ ಗುರುತು ಬಿದ್ದಿತ್ತು. ತಿಕ್ಕಿ ಕೊಟ್ಟೆ. ಮನೆಗೆ ಬರುವವರೆಗೆ ಒಂದು ಮಾತಿಲ್ಲ, ಕೈ ಜೇಬಿನಲ್ಲೇ.

ಇದನ್ನು ನಿನಗೆ ಬರೆಯಬಾರದೆಂದು ಇವರು ಹೇಳಿಲ್ಲ. ಅದಕ್ಕೇ ಬರೆದೆ.

ಅವ್ವ


ನಿಪ್ಪಾಣಿ
13 ಸೆಪ್ಟೆಂಬರ್ 2025

ಅಪ್ಪಾ,

ಒಂದು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ.

ಕ್ಷಮಾವಾಣಿಯ ದಿನ ಯಾರಾದರೂ ಕೇಳಿದರೆ ಕ್ಷಮೆ ಕೊಡಬೇಕು, ಇಲ್ಲ ಎನ್ನಬಾರದು ಎಂದು ನೀವೇ ಕಲಿಸಿದ್ದು. ನೀವು ಕೇಳಲಿಲ್ಲ, ನಾನು ಕೊಟ್ಟಿಲ್ಲ. ಈಗಲೂ ಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ದಿನಾ ಬೆಳಿಗ್ಗೆ ಸಪನಾ ಆ ಬಾಗಿಲಿನ ಬೀಗ ತೆಗೆಯುವಾಗ ನಾನು ಹಿಂದೆ ನಿಂತಿರುತ್ತೇನೆ. ಆ ಹೊತ್ತಿಗೆ ನಿಮ್ಮ ಮೇಲಿನ ಸಿಟ್ಟು ಹೊಸದಾಗಿ ಬರುತ್ತದೆ. ಇನ್ನೂ ಎಷ್ಟು ವರ್ಷ ಬರುತ್ತದೋ ಗೊತ್ತಿಲ್ಲ. ಸೊಸಾಯ್ಟಿಯ ಕಂತು ಮುಗಿಯಲು ಮೂರು ವರ್ಷ ಬೇಕು. ಉಳಿತಾಯದ ಮಾತು ಆಮೇಲೆ.

ಆದರೆ ಅವ್ವನ ಕಾಗದ ಓದಿದ ಮೇಲೆ ಎರಡು ದಿನದಿಂದ ಮಷೀನಿನ ಮುಂದೆ ಕುಳಿತಾಗಲೆಲ್ಲ ನನ್ನ ಕೈಗಳನ್ನೇ ನೋಡುತ್ತಿದ್ದೇನೆ.

ಗಂಟಲು ದವಾಖಾನೆಯವರು ತೆಗೆದರು. ಕೈಗಳನ್ನು ನೀವೇ ತೆಗೆದುಬಿಟ್ಟರೆ ಅವ್ವ ಯಾರ ಜೊತೆ ಮಾತಾಡಬೇಕು?

ಮುಂದಿನ ಚತುರ್ದಶಿಗೆ ರಜೆ ಹಾಕಿ ಬರುತ್ತೇನೆ. ಕಂಬದ ಹತ್ತಿರವೇ, ನಿಮ್ಮ ಪಕ್ಕದಲ್ಲಿ ಕೂಡುತ್ತೇನೆ. ನಿಮ್ಮ ಕೈ ಮೇಲೆದ್ದರೆ ಹಿಡಿದು ಇಳಿಸುತ್ತೇನೆ, ಎಲ್ಲರೆದುರಿಗೆ, ನಾಚಿಕೆಪಡುವುದಿಲ್ಲ. ಅಲ್ಲಿಯವರೆಗೆ ಅವು ತೊಡೆಯ ಮೇಲೆ ಇರಲಿ, ಕೆಳಗೆ ಬೇಡ. ಅಲ್ಲಿಯವರೆಗೆ ಗಂಜಿ ಕುಡಿಯಿರಿ.

ನಿಮ್ಮ ಮಗಳು,
ಪ್ರಾಜಕ್ತಾ